ಹಲೆಯಾಕಲಾ ಒಂದು ದಿನದ ಚಾರಣ: ಇಲ್ಲಿ ಮೊದಲು ಇಳಿಯೋದು, ಆಮೇಲೆ ಹತ್ತೋದು

(ಚಾರಣಿಗರ ಆನ್‌ಲೈನ್ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಗವಿಪುರದ ಗುಡ್ಡ

ಅಕ್ಟೋಬರ್ ಕೊನೇ ವಾರ, ಹವಾಯಿಯ ಮೌಯಿ ದ್ವೀಪ. ನಾಲ್ಕು ಜನ, ಒಂದು ಬಾಡಿಗೆ ಕಾರು. ಇಬ್ಬರು ಮೂವತ್ತರ ಆಸುಪಾಸಿನವರು, ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವಷ್ಟು ಕಸುವಿದೆ. ಇನ್ನಿಬ್ಬರು ಅರವತ್ತು ದಾಟಿದ ಅಪ್ಪ, ಅಮ್ಮ. ದಿನಾ ಲಾಲ್‌ಬಾಗ್‌ನಲ್ಲಿ ನಡೀತಾರೆ, ಅಮ್ಮನಿಗೆ ಬಿ.ಪಿ. ಮಾತ್ರೆ ಇದೆ. ಹಲೆಯಾಕಲಾ ರಾಷ್ಟ್ರೀಯ ಉದ್ಯಾನಕ್ಕೆ ಒಂದು ದಿನ ಇಟ್ಟಿದ್ದೇವೆ. ಸೂರ್ಯೋದಯ ನೋಡಿ, ಹಾಗೇ ಕುಳಿಯೊಳಗೆ ಇಳಿದು ವಾಪಸ್ ಹತ್ತಿ ಬರೋದು ಅಂತ ಯೋಚನೆ. ಯಾವ ದಾರಿ, ಎಷ್ಟು ಹೊತ್ತು, ಏನೇನು ಒಯ್ಯಬೇಕು, ಅಪ್ಪ ಅಮ್ಮ ಎಲ್ಲಿವರೆಗೆ ಬರಬಹುದು? ಪ್ರವಾಸ ಕಥನ ಬೇಡ, ಲೆಕ್ಕ ಬೇಕು.

ಹುಲಿಕಲ್ಲು

ಲೆಕ್ಕಕ್ಕೆ ಮೊದಲು ಒಂದು ವಿಷಯ. ಕುಮಾರ ಪರ್ವತದ ಲೆಕ್ಕ ಇಲ್ಲಿ ನಡೆಯಲ್ಲ. ನಮ್ಮ ಕಡೆ ಬೆಳಿಗ್ಗೆ ಮೈ ಹುರುಪಾಗಿದ್ದಾಗ ಹತ್ತುತ್ತೀವಿ, ಸುಸ್ತಾದ ಮೇಲೆ ಇಳಿಯುತ್ತೀವಿ. ಸಾಕಾಯ್ತು ಅನ್ನಿಸಿದರೆ ದಾರಿಯಲ್ಲಿ ಸಿಗುವ ಭಟ್ಟರ ಮನೆ ಹತ್ತಿರವೇ ತಿರುಗಿಬಿಡಬಹುದು, ಉಳಿದದ್ದು ಇಳಿಜಾರು. ಹಲೆಯಾಕಲಾ ತಲೆಕೆಳಗಾದ ಬೆಟ್ಟ. ಕಾರು ನಿಮ್ಮನ್ನು ನೆತ್ತಿಯ ಮೇಲೆ ಇಳಿಸುತ್ತದೆ. ಅಲ್ಲಿಂದ ಕುಳಿಯೊಳಕ್ಕೆ ಜಾರುತ್ತಾ ಹೋಗೋದು ಸಲೀಸು. ಸಾಕು ಅನ್ನಿಸುವ ಹೊತ್ತಿಗೆ ಪೂರ್ತಿ ಏರು ಬಾಕಿ ಇರುತ್ತದೆ, ಅದೂ ತೆಳು ಗಾಳಿಯಲ್ಲಿ, ಕಾಲು ಹಿಂದಕ್ಕೆ ಜಾರುವ ಪುಡಿಗಲ್ಲಿನ ಮೇಲೆ. ಉದ್ಯಾನದವರು ಕೊಡುವ ಸೂತ್ರವೂ ಇದೇ: ಇಳಿಯಲು ಒಂದು ಗಂಟೆ ಹಿಡಿದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ.

ಈಗ ದಾರಿಗಳು. ಶಿಖರದ ಎತ್ತರ 3,055 ಮೀಟರ್. ಮುಖ್ಯ ದಾರಿ ಸ್ಲೈಡಿಂಗ್ ಸ್ಯಾಂಡ್ಸ್, ಹವಾಯಿ ಭಾಷೆಯಲ್ಲಿ ಕೆಯೊನೆಹೆಎಹೆಎ. ಮೇಲಿನ ವಿಸಿಟರ್ ಸೆಂಟರ್‌ನ ಪಾರ್ಕಿಂಗ್ ಪಕ್ಕದಲ್ಲೇ ಶುರು, ಎತ್ತರ 9,740 ಅಡಿ ಅಂದರೆ ಸುಮಾರು 2,970 ಮೀಟರ್. ಬೋರ್ಡುಗಳೆಲ್ಲ ಮೈಲಿ, ಅಡಿಯಲ್ಲಿರುತ್ತವೆ, ಅಭ್ಯಾಸ ಮಾಡಿಕೊಳ್ಳಿ. ಈ ದಾರಿಯಲ್ಲಿ ತಿರುಗಿ ಬರಲು ಮೂರು ಕಡೆ ಇವೆ. ಮೊದಲ ನೋಟದ ಜಾಗ ಹೋಗಿಬರಲು ಅರ್ಧ ಮೈಲಿ, 800 ಮೀಟರ್. ಎರಡನೆಯದು ಕಾ ಲುಉ ಓ ಕಾ ಓಓ ಎಂಬ ಬೂದಿಗುಡ್ಡದ ಕವಲು, ಹೋಗಿಬರಲು 5 ಮೈಲಿ ಅಂದರೆ 8 ಕಿ.ಮೀ., ವಾಪಸ್ ಹತ್ತಬೇಕಾದದ್ದು ಸುಮಾರು 430 ಮೀಟರ್. ಮೂರನೆಯದು ಕುಳಿಯ ತಳ, ಒಂದು ಕಡೆಗೇ 6 ಕಿ.ಮೀ. ಮೇಲೆ, ಏರು ಸುಮಾರು 750 ಮೀಟರ್.

ಇನ್ನೊಂದು ದಾರಿ ಹಲೆಮಾಉ. ಇದು ರಸ್ತೆಯಲ್ಲಿ ಇನ್ನೂ ಕೆಳಗೆ, 7,990 ಅಡಿಯಲ್ಲಿ ಶುರುವಾಗುತ್ತದೆ. ಗಟ್ಟಿಮುಟ್ಟಾದವರು ಮಾಡೋದು ಸ್ಲೈಡಿಂಗ್ ಸ್ಯಾಂಡ್ಸ್‌ನಲ್ಲಿ ಇಳಿದು, ಕುಳಿಯ ತಳ ದಾಟಿ, ಹಲೆಮಾಉ ಗೋಡೆ ಹತ್ತಿ ಹೊರಬರೋದು. 11.2 ಮೈಲಿ, ಅಂದರೆ 18 ಕಿ.ಮೀ. ದೂರ ಜಾಸ್ತಿ ಅಂತ ಹೆದರಬೇಡಿ. ಏರು ಕೊನೆಯ ಗೋಡೆಯಲ್ಲಿ ಮಾತ್ರ, ಸುಮಾರು 420 ಮೀಟರ್. ತಳಕ್ಕೆ ಹೋಗಿ ಬಂದ ದಾರಿಯಲ್ಲೇ ವಾಪಸ್ ಹತ್ತುವುದಕ್ಕಿಂತ ಮಂಡಿಗೂ ಎದೆಗೂ ಇದೇ ಹಗುರ. ಒಟ್ಟು 6ರಿಂದ 8 ಗಂಟೆ.

ಪೇಟೆ ಪಥಿಕ

ಅಲ್ಲಿಗೆ ಹೋಗಲು ಎರಡು ತಿಂಗಳು ಮೊದಲೇ ಸ್ಲಾಟ್ ಬುಕ್ ಮಾಡಬೇಕು, ಇಲ್ಲದಿದ್ದರೆ ಗೇಟ್‌ನಲ್ಲೇ ವಾಪಸ್ ಕಳಿಸ್ತಾರೆ. ಅದನ್ನು ಯಾರೂ ಹೇಳಲಿಲ್ಲವಲ್ಲ.

ಹುಲಿಕಲ್ಲು

ಅರ್ಧ ಸರಿ. ಬುಕಿಂಗ್ ಬೇಕಾದದ್ದು ಬೆಳಗಿನ 3ರಿಂದ 7ರವರೆಗೆ ಒಳಹೋಗುವ ವಾಹನಗಳಿಗೆ ಮಾತ್ರ, ಅಂದರೆ ಸೂರ್ಯೋದಯದ ಗುಂಪಿಗೆ. 7 ಗಂಟೆಯ ನಂತರ ಬೇಕಿಲ್ಲ, ಸೂರ್ಯಾಸ್ತಕ್ಕೂ ಬೇಕಿಲ್ಲ. ಸೂರ್ಯೋದಯವೇ ಬೇಕು ಅಂದರೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ 60 ದಿನ ಮೊದಲು ತೆರೆಯುತ್ತದೆ, ಅಲ್ಲಿನ ಬೆಳಗಿನ 7ಕ್ಕೆ. ನಮ್ಮ ಗಡಿಯಾರದಲ್ಲಿ ಅದು ಅದೇ ದಿನ ರಾತ್ರಿ 10.30. ಒಂದಷ್ಟು ಸ್ಲಾಟ್ ಎರಡು ದಿನ ಮೊದಲು ಮತ್ತೆ ಬಿಡುತ್ತಾರೆ. ವಾಹನಕ್ಕೆ 1 ಡಾಲರ್. ಯಾರ ಹೆಸರಲ್ಲಿ ಬುಕ್ ಆಗಿದೆಯೋ ಅವರು ಕಾರಿನಲ್ಲಿ ಇರಬೇಕು, ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಇದರ ಮೇಲೆ ಉದ್ಯಾನದ ಪ್ರವೇಶ ಶುಲ್ಕ ಬೇರೆ: ಖಾಸಗಿ ಕಾರಿಗೆ 30 ಡಾಲರ್, ಕಾರ್ಡ್ ಮಾತ್ರ, ನಗದು ತೆಗೆದುಕೊಳ್ಳುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಚಾರಣದ ದಿನ ಸೂರ್ಯೋದಯ ಬೇಡವೇ ಬೇಡ. ಎರಡೂವರೆಗೆ ಎದ್ದು, ಶಿಖರದಲ್ಲಿ ಒಂದೂವರೆ ಗಂಟೆ ಗಾಳಿಗೆ ನಡುಗಿ, ನಿದ್ದೆಗಣ್ಣಲ್ಲಿ 18 ಕಿ.ಮೀ. ನಡೆಯೋದು ಶಿಕ್ಷೆ.

ಸುಲ್ತಾನ್‌ಪೇಟೆ ಮೆಟ್ಟಿಲು

ಇದನ್ನು ಒಪ್ಪಲ್ಲ. ಬೆಂಗಳೂರಿನಿಂದ ಹೋದವರಿಗೆ ಮೊದಲ ಮೂರ್ನಾಲ್ಕು ದಿನ ನಿದ್ದೆ ಹೇಗೂ ಅಪರಾತ್ರಿಯಲ್ಲೇ ಕೆಡುತ್ತದೆ, ಹದಿನೈದೂವರೆ ಗಂಟೆ ವ್ಯತ್ಯಾಸ. ಹಾಸಿಗೆಯಲ್ಲಿ ಹೊರಳಾಡುವ ಬದಲು ಮೇಲೆ ಹೋಗಬಹುದು. ಅಲ್ಲದೆ ಸೂರ್ಯೋದಯಕ್ಕೆ ಹೋದರೆ ಏಳು ಗಂಟೆಗೇ ನಡೆಯಲು ಶುರು ಮಾಡಬಹುದು, ಮೋಡ ಬರುವ ಮುಂಚೆ ತಳ ತಲುಪಬಹುದು.

ಹುಲಿಕಲ್ಲು

ಮೋಡದ ಮಾತು ಸರಿ. ಬೀಸುಗಾಳಿಯ ದಿಕ್ಕಿನಿಂದ ಬರುವ ಮೋಡ ಸಾಮಾನ್ಯವಾಗಿ ಬೆಟ್ಟದ ನಡುಮಟ್ಟದಲ್ಲಿ ತಡೆದು ನಿಲ್ಲುತ್ತದೆ, ಮೇಲಿನ ಬೆಚ್ಚನೆ ಗಾಳಿಯ ಪದರ ಅದಕ್ಕೆ ಮುಚ್ಚಳದ ಹಾಗೆ. ಅದಕ್ಕೇ ಶಿಖರದಲ್ಲಿ ನಿಂತರೆ ಮೋಡ ಕಾಲ ಕೆಳಗೆ ಕಾಣೋದು. ಹೊತ್ತು ಏರಿದ ಹಾಗೆ ಅದು ಕುಳಿಯ ಗೋಡೆಯ ಕಂಡಿಗಳಲ್ಲಿ ನುಗ್ಗುತ್ತದೆ. ಮಧ್ಯಾಹ್ನ ಹಲೆಮಾಉ ಗೋಡೆ ಹತ್ತುವಾಗ ಮಂಜಿನೊಳಗೆ ನಡೆಯೋದು ಮಾಮೂಲು. ದಾರಿ ಸ್ಪಷ್ಟವಾಗಿದೆ, ತಪ್ಪುವ ಭಯ ಕಡಿಮೆ. ಒದ್ದೆಯಾಗುವ ಭಯ ಜಾಸ್ತಿ. ಹಾಗಂತ ಎಂಟು ಗಂಟೆಗೆ ಶುರು ಮಾಡಿದರೂ ಅಷ್ಟೇನೂ ನಷ್ಟವಿಲ್ಲ.

ಕಪ್ಪುಕಲ್ಲು

"ಕುಳಿ" ಅಂತ ಎಲ್ಲರೂ ಬರೀತಿದ್ದೀರಿ, ಒಂದು ಸಣ್ಣ ತಿದ್ದುಪಡಿ. ಸುಮಾರು 11 ಕಿ.ಮೀ. ಉದ್ದ, 3 ಕಿ.ಮೀ. ಅಗಲ, 800 ಮೀಟರ್ ಆಳದ ಆ ತಗ್ಗು ಜ್ವಾಲಾಮುಖಿ ಸಿಡಿದು ಆದದ್ದಲ್ಲ. ಎರಡು ಬದಿಯಿಂದ ಮಳೆನೀರು ಕೊರೆದ ಎರಡು ಕಣಿವೆಗಳು ನೆತ್ತಿಯಲ್ಲಿ ಕೂಡಿಕೊಂಡವು. ಆಮೇಲೆ ಬಂದ ಲಾವಾ ಆ ತಗ್ಗಿನೊಳಗೇ ಹರಿದು ತಳ ತುಂಬಿತು. ಅಲ್ಲಿ ಕಾಣುವ ಕೆಂಪು, ಕಪ್ಪು ಗುಡ್ಡಗಳು ಆ ಕಾಲದವು. ಮೇಲಿನಿಂದ ನೋಡಿದರೆ ಮಕ್ಕಳು ಮರಳಲ್ಲಿ ಮಾಡಿದ ಗುಪ್ಪೆಗಳ ಹಾಗೆ ಕಾಣುತ್ತವೆ. ದೊಡ್ಡದಾದ ಪುಉ ಓ ಮೌಯಿ 180 ಮೀಟರ್‌ಗಿಂತ ಎತ್ತರ.

ಇದನ್ನು ಸತ್ತ ಜ್ವಾಲಾಮುಖಿ ಅಂತಲೂ ಕರೆಯಬೇಡಿ. ಕೊನೆಯ ಲಾವಾ ಹರಿದದ್ದು 1480 ಮತ್ತು 1600ರ ನಡುವೆ. ಅಂದರೆ ಇಲ್ಲಿ ವಿಜಯನಗರ ಮೆರೆದು ಬಿದ್ದ ಕಾಲದ ಆಸುಪಾಸು. ಕಳೆದ ಸಾವಿರ ವರ್ಷದಲ್ಲಿ ಕನಿಷ್ಠ ಹತ್ತು ಸಲ ಉಕ್ಕಿದೆ. ಸುಪ್ತ ಅನ್ನೋದೇ ಸರಿಯಾದ ಮಾತು, ನಿದ್ದೆ ಮಾಡ್ತಿದೆ. ಹಳೆಯ ಪುಸ್ತಕಗಳಲ್ಲಿ ಕೊನೆಯ ಸ್ಫೋಟ 1790 ಅಂತ ಇರುತ್ತದೆ, ಅದನ್ನು ಈಗ ಕೈಬಿಟ್ಟಿದ್ದಾರೆ.

ಹಾಗೇ, ನಂದಿ ಬೆಟ್ಟ ನಂದಿದ ಜ್ವಾಲಾಮುಖಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಸುತ್ತಲಿನ ನಂದಿ, ಸಾವನದುರ್ಗ, ರಾಮನಗರ ಎಲ್ಲ ಗ್ರಾನೈಟ್, ನೆಲದಾಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಬಂಡೆ, ಸುಮಾರು 250 ಕೋಟಿ ವರ್ಷ ಹಳೆಯದು. ಲಾವಾ ತಣಿದ ಕಲ್ಲು ಕರ್ನಾಟಕದಲ್ಲೇ ನೋಡಬೇಕಿದ್ದರೆ ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲು ನೋಡಿ.

ಚಾರಣಕ್ಕೂ ಇದಕ್ಕೂ ಏನು ಸಂಬಂಧ ಅಂದರೆ, ಸಂಬಂಧ ಪೂರ್ತಿ ಪಾದದ್ದು. ಗ್ರಾನೈಟ್ ಬಂಡೆ ಒಣಗಿದ್ದರೆ ಶೂ ಅದನ್ನು ಕಚ್ಚಿ ಹಿಡಿಯುತ್ತದೆ. ಹಲೆಯಾಕಲಾದ ಪುಡಿಗಲ್ಲು ಬೇರೆ ಜಾತಿ. ಅನಿಲ ತುಂಬಿದ ಲಾವಾ ಆಕಾಶಕ್ಕೆ ಚಿಮ್ಮಿ ಹಾರುತ್ತಲೇ ತಣಿದು ಬಿದ್ದದ್ದು. ಒಂದು ಚೂರು ಅಂಗೈಲಿ ಇಟ್ಟು ನೋಡಿ: ನೆಲಗಡಲೆ ಗಾತ್ರ, ಮೈತುಂಬ ತೂತು, ತೂಕವೇ ಇಲ್ಲ, ಅಂಚು ಮಾತ್ರ ಒಡೆದ ಗಾಜಿನಷ್ಟು ಚೂಪು. ನೋಡಿದ ಮೇಲೆ ಎತ್ತಿದ ಜಾಗದಲ್ಲೇ ಇಡಿ, ಕಲ್ಲು ಒಯ್ಯುವುದು ಕಾನೂನಿಗೆ ವಿರುದ್ಧ. ಇಷ್ಟು ಹಗುರವಾದ್ದರಿಂದ ಒಂದರೊಳಗೊಂದು ಬಿಗಿಯಾಗಿ ಕೂರುವುದಿಲ್ಲ. ಹೆಜ್ಜೆ ಊರಿದರೆ ಪಾದ ಹೂತು ಜಾರುತ್ತದೆ. ಇಳಿಯುವಾಗ ಅದು ಸುಖ, ಹತ್ತುವಾಗ ಪ್ರತಿ ಹೆಜ್ಜೆಗೂ ಸುಂಕ.

ಮಂಡಿಚಿಪ್ಪು

ತಯಾರಿ ಬಗ್ಗೆ ನಾನು ಬರೀತೀನಿ. ಎಲ್ಲರೂ ಮಾಡುವ ತಪ್ಪು ನಂದಿಯ 1,175 ಮೆಟ್ಟಿಲು ಹತ್ತಿ, ಮೇಲೆ ಬಜ್ಜಿ ತಿಂದು, ಇಳಿದು "ರೆಡಿ" ಅನ್ನೋದು. ಅದನ್ನೇ ತಿರುಗಿಸಿ. ಗಾಡಿಯಲ್ಲಿ ಮೇಲೆ ಹೋಗಿ, ಮೇಲಿನಿಂದ ಬುಡದ ಸುಲ್ತಾನ್‌ಪೇಟೆಗೆ ಇಳಿದು, ನಿಲ್ಲದೆ ವಾಪಸ್ ಹತ್ತಿ. ಬೆನ್ನಿಗೆ 5 ಕೆ.ಜಿ. ಇರಲಿ. ಇಳಿತದಲ್ಲಿ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಾ ಭಾರ ತಡೆಯುತ್ತದೆ, ದಣಿಯೋದು ಆಗಲೇ. ದಣಿದ ತೊಡೆಯಲ್ಲಿ ಹತ್ತೋದು ಹೇಗಿರುತ್ತದೆ ಅಂತ ದೇಹಕ್ಕೆ ಮೊದಲೇ ಗೊತ್ತಾಗಬೇಕು. ಆರು ವಾರ, ವಾರಕ್ಕೊಂದು ಸಲ, ಕೊನೆಯ ಎರಡು ವಾರ ಎರಡೆರಡು ಸುತ್ತು. ಮಧ್ಯದ ದಿನಗಳಲ್ಲಿ ಮನೆಯ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಧಾನಕ್ಕೆ ಇಳಿಯುವ ಅಭ್ಯಾಸ, ಪ್ರತಿ ಕಾಲಿಗೆ 12ರ ಮೂರು ಸರದಿ. ಮೆಟ್ಟಿಲು ಜಾರಲ್ಲ, ಪುಡಿಗಲ್ಲು ಜಾರುತ್ತದೆ. ಆ ರುಚಿ ಬೇಕಿದ್ದರೆ ತಲಕಾಡಿನ ಮರಳಲ್ಲಿ ಶೂ ಹಾಕಿಕೊಂಡು ಒಂದು ಗಂಟೆ ನಡೆಯಿರಿ.

ಎತ್ತರದ ತಯಾರಿ ಮಾತ್ರ ಕರ್ನಾಟಕದಲ್ಲಿ ಆಗಲ್ಲ. ಮುಳ್ಳಯ್ಯನಗಿರಿಯೇ 1,930 ಮೀಟರ್. ಊಟಿಯ ದೊಡ್ಡಬೆಟ್ಟ 2,637, ಅದೂ 400 ಮೀಟರ್ ಕಮ್ಮಿ. "ಬೆಂಗಳೂರು 900 ಮೀಟರ್ ಎತ್ತರದಲ್ಲಿದೆಯಲ್ಲ, ನಮಗೆ ಅಭ್ಯಾಸ ಇದೆ" ಅನ್ನುವವರು ಬೀಚಿನಲ್ಲಿ ಮೂರು ದಿನ ಕಳೆದ ಮೇಲೆ ಆ ಮಾತು ಮರೆತುಬಿಡಿ. ಶಿಖರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ 70. ಸಮುದ್ರದಂಡೆಯಿಂದ ಎರಡು ಗಂಟೆಯೊಳಗೆ ಕಾರು ಅಲ್ಲಿಗೆ ಮುಟ್ಟಿಸುತ್ತದೆ, ದೇಹಕ್ಕೆ ಹೊಂದಿಕೊಳ್ಳಲು ಪುರಸೊತ್ತೇ ಇಲ್ಲ. ತಲೆನೋವು, ವಾಕರಿಕೆ, ತಲೆ ತಿರುಗು ಬಂದರೆ ಮದ್ದು ಒಂದೇ, ಕಾರು ಹತ್ತಿ ಕೆಳಗೆ ಹೋಗೋದು. ಕುಳಿಗೆ ಇಳಿದರೆ ಎತ್ತರ ಕಮ್ಮಿಯಾಗುತ್ತಲ್ಲ ಅಂತ ಜಾಣತನ ಮಾಡಬೇಡಿ, ವಾಪಸ್ ಅದೇ ಎತ್ತರಕ್ಕೆ ನಡೆದೇ ಬರಬೇಕು. ಸ್ಕೂಬಾ ಡೈವಿಂಗ್ ಮಾಡಿದ್ದರೆ 24 ಗಂಟೆ ಮೇಲೆ ಹೋಗಲೇಬೇಡಿ, ರಕ್ತದಲ್ಲಿ ಉಳಿದ ಸಾರಜನಕ ಗುಳ್ಳೆಯಾಗುತ್ತದೆ. ಮೌಯಿ ಪ್ಯಾಕೇಜುಗಳಲ್ಲಿ ಡೈವಿಂಗ್ ಮಾರನೇ ಬೆಳಿಗ್ಗೆಯೇ ಸೂರ್ಯೋದಯ ಇದ್ದರೆ ತಕ್ಷಣ ದಿನ ಬದಲಿಸಿ.

ಅಮ್ಮನವರ ವಿಷಯ ಅವರ ವೈದ್ಯರನ್ನು ಕೇಳಿ, ಇಲ್ಲಿ ಕೇಳಬೇಡಿ.

ಗವಿಪುರದ ಗುಡ್ಡ

ಧನ್ಯವಾದ. ಸ್ಲೈಡಿಂಗ್ ಸ್ಯಾಂಡ್ಸ್ ಇಳಿದು ಹಲೆಮಾಉ ಹತ್ತೋದು ಅಂತಾದರೆ ಕಾರು ಒಂದು ಕಡೆ, ನಾವು ಇನ್ನೊಂದು ಕಡೆ ಆಗ್ತೀವಲ್ಲ? ಅಪ್ಪ ಅಲ್ಲಿ ಬಲಬದಿಯಲ್ಲಿ ಕಾರು ಓಡಿಸಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಾರೆ. ಆಟೋ, ಕ್ಯಾಬ್ ಸಿಗುತ್ತಾ?

ಹುಲಿಕಲ್ಲು

ಬಸ್ ಇಲ್ಲ, ಆಟೋ ಕನಸಲ್ಲೂ ಇಲ್ಲ, ಮೇಲೆ ನಿಂತು ಆ್ಯಪ್‌ನಲ್ಲಿ ಕ್ಯಾಬ್ ಕರೆಯುತ್ತೀನಿ ಅನ್ನೋದು ನಂಬುವಂಥದ್ದಲ್ಲ. ಫೋನ್ ಸಿಗ್ನಲ್ಲೇ ಬಂದು ಹೋಗಿ ಮಾಡುತ್ತದೆ.

ಎರಡು ಆರಂಭಗಳ ನಡುವೆ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಕ್ರಮ ಇದು: ಬೆಳಿಗ್ಗೆ ಮೊದಲು ಹಲೆಮಾಉ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ. ಅಲ್ಲಿ ಚಾರಣಿಗರನ್ನು ಹತ್ತಿಸಿಕೊಳ್ಳಲೆಂದೇ ಉದ್ಯಾನದವರು ಗುರುತಿಸಿದ ಜಾಗವಿದೆ. ಮೇಲೆ ಹೋಗುವ ಕಾರಿಗೆ ಕೈ ಮಾಡಿ ಲಿಫ್ಟ್ ಕೇಳಿ. ಇಬ್ಬರಿದ್ದರೆ ಸಿಗುತ್ತದೆ, ನಾಲ್ಕು ಜನ ದೊಡ್ಡ ಬ್ಯಾಗಿನೊಂದಿಗೆ ನಿಂತರೆ ಕಷ್ಟ. ಇದನ್ನು ಬೆಳಿಗ್ಗೆಯೇ ಮಾಡಬೇಕು. ಮೇಲೆ ಕಾರಿಟ್ಟು, ಸಂಜೆ ಹಲೆಮಾಉನಲ್ಲಿ ಹೊರಬಂದು ಲಿಫ್ಟ್ ಕೇಳೋಣ ಅನ್ನೋದು ತಪ್ಪು ಕ್ರಮ. ಬೆಳಿಗ್ಗೆ ಲಿಫ್ಟ್ ಸಿಗದಿದ್ದರೆ ಯೋಜನೆ ಬದಲಾಗುತ್ತದೆ ಅಷ್ಟೇ. ಸಂಜೆ ಸಿಗದಿದ್ದರೆ ಚಳಿಯಲ್ಲಿ, ಕತ್ತಲಲ್ಲಿ, ಬೆವರಿಗೆ ಒದ್ದೆಯಾದ ಅಂಗಿಯಲ್ಲಿ ರಸ್ತೆ ಪಕ್ಕ ನಿಲ್ಲಬೇಕಾಗುತ್ತದೆ.

ಅಪ್ಪ ಅಮ್ಮನವರ ಗಂಟು ಬೇರೆ ರೀತಿ ಬಿಡಿಸಿ. ಪ್ರವೇಶ ಟಿಕೆಟ್ 3 ದಿನಕ್ಕೆ ನಡೆಯುತ್ತದೆ. ಒಂದೇ ದಿನದಲ್ಲಿ ಎಲ್ಲವನ್ನೂ ತುರುಕೋದು ಯಾಕೆ? ಮೊದಲ ದಿನ ಮಧ್ಯಾಹ್ನ ನಾಲ್ವರೂ ಹೋಗಿ. ಪ್ರವೇಶದ್ವಾರದ ಹತ್ತಿರ ಹಾಸ್ಮರ್ ಗ್ರೋವ್ ಕಾಡಿನಲ್ಲಿ ಅರ್ಧ ಮೈಲಿ ಸುತ್ತು, ಬಣ್ಣಬಣ್ಣದ ಹಕ್ಕಿಗಳು. ಅಲ್ಲಿ ಅರ್ಧ ಗಂಟೆ ಕಳೆದರೆ ಎತ್ತರಕ್ಕೂ ಸ್ವಲ್ಪ ಹೊಂದಿಕೊಂಡಂತೆ. ಆಮೇಲೆ ಮೇಲಿನ ವಿಸಿಟರ್ ಸೆಂಟರ್. ಪಕ್ಕದ ಪಾ ಕಾಓಆವೊ ಗುಡ್ಡ ಹೋಗಿಬರಲು 650 ಮೀಟರ್ ಅಷ್ಟೇ. ಅವರಿಗೆ ಸುಸ್ತಿಲ್ಲದಿದ್ದರೆ ಸ್ಲೈಡಿಂಗ್ ಸ್ಯಾಂಡ್ಸ್‌ನ ಮೊದಲ ನೋಟದ ಜಾಗದವರೆಗೆ. ಕುಳಿಯ ಪೂರ್ತಿ ನೋಟ ಅಲ್ಲೇ ಸಿಗುತ್ತದೆ, ಅದಕ್ಕಿಂತ ಕೆಳಗೆ ಅವರನ್ನು ಇಳಿಸಬೇಡಿ. ಸೂರ್ಯಾಸ್ತ ನೋಡಿ ಇಳಿಯಿರಿ. ಎರಡನೇ ದಿನ ನೀವಿಬ್ಬರೇ ಚಾರಣಕ್ಕೆ. ಅವರು ಸಮುದ್ರದ ಹತ್ತಿರ ಆರಾಮಾಗಿರಲಿ. ಯುವಕರು ಕೆಳಗೆ ನಡೆಯುವಾಗ ಹಿರಿಯರನ್ನು 9,740 ಅಡಿಯ ಪಾರ್ಕಿಂಗ್‌ನಲ್ಲಿ ಆರು ಗಂಟೆ ಕಾರಿನಲ್ಲಿ ಕೂರಿಸೋದು ಸರಿಯಲ್ಲ.

ಪೇಟೆ ಪಥಿಕ

ಮ್ಯಾಪ್‌ನಲ್ಲಿ ಬರೀ ಉದ್ಯಾನದ ಹೆಸರು ಹಾಕಿ ಹೊರಡಬೇಡಿ. ಅದೇ ಉದ್ಯಾನದ ಕೀಪಹುಲು ಭಾಗ ಹಾನಾ ಊರಿನ ಆಚೆ ಸಮುದ್ರದಂಡೆಯಲ್ಲಿದೆ. ಎರಡರ ನಡುವೆ ಉದ್ಯಾನದೊಳಗೆ ರಸ್ತೆಯೇ ಇಲ್ಲ. ತಪ್ಪಿದರೆ ಇಡೀ ದಿನ ಹಾಳು. ಈ ಸಲವಾದರೂ ಪೂರ್ತಿ ಸರಿ ಹೇಳಿದೀನಿ ಅಂದುಕೊಳ್ತೀನಿ 🙂

ಘಾಟಿ ಗೇರು

ಕಾರಿನ ಬಗ್ಗೆ. ಮೌಯಿಯ ವಿಮಾನ ನಿಲ್ದಾಣವಿರುವ ಕಹುಲುಯಿಯಿಂದ ಶಿಖರಕ್ಕೆ ಸುಮಾರು 60 ಕಿ.ಮೀ., ಒಂದೂವರೆ ಗಂಟೆ. ದಾರಿಯ ಪುಕಲಾನಿ ಊರು ದಾಟಿದ ಮೇಲೆ ಪೆಟ್ರೋಲ್ ಬಂಕ್ ಇಲ್ಲ, ಉದ್ಯಾನದೊಳಗೆ ಪೆಟ್ರೋಲೂ ಇಲ್ಲ, ಊಟವೂ ಇಲ್ಲ. ಕೊನೆಯ ಭಾಗ 378ನೇ ಹೆದ್ದಾರಿ ಹೇರ್‌ಪಿನ್ ತಿರುವುಗಳ ಸರಮಾಲೆ. ತಡೆಬೇಲಿ ಎಲ್ಲ ಕಡೆ ಇಲ್ಲ. ರಸ್ತೆಗೆ ದನ ಬರುತ್ತವೆ, ಆ ವಿಷಯದಲ್ಲಿ ಮಾತ್ರ ನಮ್ಮವರಿಗೆ ಅಭ್ಯಾಸ ಸಾಕಷ್ಟಿದೆ. ಬೆಳಿಗ್ಗೆ ಸೈಕಲ್‌ನಲ್ಲಿ ಇಳಿಯುವವರ ಗುಂಪು ಎದುರಾಗುತ್ತದೆ.

ಇಳಿಯುವಾಗ ಆಟೊಮ್ಯಾಟಿಕ್ ಗಾಡಿಯನ್ನು ಡಿ-ಯಲ್ಲಿ ಬಿಟ್ಟು ಬ್ರೇಕ್ ತುಳಿಯುತ್ತಾ ಬರೋದೇ ಎಲ್ಲರೂ ಮಾಡುವ ತಪ್ಪು. ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ತುಳಿದರೂ ಗಾಡಿ ನಿಲ್ಲಲ್ಲ. ಆಗುಂಬೆ, ಚಾರ್ಮಾಡಿ ಇಳಿದವರಿಗೆ ಹೇಳಬೇಕಿಲ್ಲ. ಗೇರ್ ಲಿವರ್‌ನಲ್ಲಿ ಕೆಳಗಿನ ಗೇರ್ ಹಿಡಿಸುವ ಎಲ್ ಅಥವಾ ಎಂ ಎಲ್ಲಿದೆ ಅಂತ ಬಾಡಿಗೆ ಅಂಗಡಿಯಲ್ಲೇ ಕೇಳಿಕೊಳ್ಳಿ. ಕತ್ತಲಲ್ಲಿ, ಮಂಜಿನಲ್ಲಿ ಹುಡುಕುವ ಹಾಗಾಗಬಾರದು.

ಬುತ್ತಿಗಂಟು

ಊಟ, ನೀರು. ತಲಾ 3 ಲೀಟರ್ ನೀರು, ಕೆಳಗಿನಿಂದಲೇ ತುಂಬಿಸಿಕೊಂಡು ಹೋಗಿ. ಕುಳಿಯೊಳಗೆ ಹಲೆಮಾಉ ದಾರಿಯಲ್ಲಿರುವ ಹೋಲುವಾ ಕ್ಯಾಬಿನ್ ಹತ್ತಿರ ನೀರಿದೆ, ಆದರೆ ಹಾಗೇ ಕುಡಿಯುವಂಥದ್ದಲ್ಲ, ಸೋಸಬೇಕು ಅಥವಾ ಮಾತ್ರೆ ಹಾಕಬೇಕು. ಗಾಳಿ ಒಣ, ಚಳಿ ಬೇರೆ, ಬೆವರು ಕಾಣದೆ ಆರಿಹೋಗುತ್ತದೆ. ಬಾಯಾರಿಕೆಯ ದಾರಿ ನೋಡದೆ ಗಂಟೆಗೆ ಕಾಲು ಲೀಟರ್ ಕುಡಿಯುತ್ತಾ ಹೋಗಿ, ಒಂದು ಲೀಟರ್ ಕೊನೆಯ ಏರಿಗೆ ಮುಟ್ಟದೆ ಇಡಿ. ಒಆರ್‌ಎಸ್ ತಲಾ ಒಂದು ಪೊಟ್ಟಣ.

ತಿನ್ನಲು ನನ್ನ ಅಳತೆ: ಮೂರು ಚಪಾತಿ (ಅಲ್ಲಿ ಟೋರ್ಟಿಯಾ ಸಿಗುತ್ತದೆ, ಚಟ್ನಿಪುಡಿಯ ಜೊತೆ ಅದೇ ನಡೆಯುತ್ತದೆ), 150 ಗ್ರಾಂ ಕಡಲೆಬೀಜದ ಚಿಕ್ಕಿ, ಒಂದು ಹಿಡಿ ಖಾರ ಕಡಲೆಬೀಜ, ನಾಲ್ಕು ಕೋಡುಬಳೆ. ಎತ್ತರದಲ್ಲಿ ಹಸಿವು ಸಾಯುತ್ತದೆ, ಉಪ್ಪುಖಾರ ಇದ್ದರೆ ಮಾತ್ರ ಬಾಯಿಗೆ ಸೇರುತ್ತದೆ. ಮೊಸರನ್ನ ಹುಳಿಯಾಗಲ್ಲ ನಿಜ, ತೂಕ ನೋಡಿ ತೀರ್ಮಾನಿಸಿ. ಗಾಳಿ ತುಂಬಿದ ಚಿಪ್ಸ್ ಪೊಟ್ಟಣ ಶಿಖರ ಮುಟ್ಟುವಷ್ಟರಲ್ಲಿ ಬಲೂನಿನ ಹಾಗೆ ಉಬ್ಬಿ ಬಿರಿಯುವ ಹಾಗಾಗುತ್ತದೆ, ಹೊರಗಿನ ಒತ್ತಡ ಕಮ್ಮಿ ಅಂತ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳವನ್ನು ದಾರಿಯಲ್ಲಿ ಒಮ್ಮೆ ತೆರೆದು ಮುಚ್ಚದಿದ್ದರೆ ಎಣ್ಣೆ ಬ್ಯಾಗಿಗೆ.

ಬೆಂಗಳೂರಿನಿಂದ ಕರಿಬೇವು, ಹಣ್ಣು, ತರಕಾರಿ ಒಯ್ಯಬೇಡಿ. ಒಣ ತಿಂಡಿಯನ್ನೂ ಫಾರಂನಲ್ಲಿ ಘೋಷಿಸಿ. ಹವಾಯಿಗೆ ಹೋಗುವ ವಿಮಾನದಲ್ಲಿ ಕೃಷಿ ಘೋಷಣೆ ಪ್ರತ್ಯೇಕವಾಗಿ ಕೇಳುತ್ತಾರೆ. ಕಿತ್ತಳೆ ಸಿಪ್ಪೆಯೂ ಸೇರಿ ಕಸವೆಲ್ಲ ವಾಪಸ್ ನಿಮ್ಮ ಜೊತೆ.

ಸುಲ್ತಾನ್‌ಪೇಟೆ ಮೆಟ್ಟಿಲು

ಬಟ್ಟೆ, ಸಾಮಾನು. ಪ್ರತಿ ಸಾವಿರ ಅಡಿ ಏರಿದ ಹಾಗೆ ಒಂದೂವರೆ ಡಿಗ್ರಿಗೂ ಸ್ವಲ್ಪ ಜಾಸ್ತಿ ತಂಪು. ಬೀಚಿನಲ್ಲಿ 28 ಇದ್ದರೆ ಮೇಲೆ ಹನ್ನೊಂದೋ ಹನ್ನೆರಡೋ, ಗಾಳಿ ಬೀಸಿದರೆ ಇನ್ನೂ ಕಮ್ಮಿ ಅನ್ನಿಸುತ್ತದೆ. ಬೆಳಗಿನ ಜಾವ ಸೊನ್ನೆಗೆ ಇಳಿಯುವುದೂ ಉಂಟು. ಹತ್ತಿ ಬನಿಯನ್ ಬೇಡ, ಒದ್ದೆಯಾದರೆ ಆರಲ್ಲ. ಬೇಗ ಆರುವ ಅಂಗಿ, ಮೇಲೆ ಫ್ಲೀಸ್, ಅದರ ಮೇಲೆ ಗಾಳಿಮಳೆ ತಡೆಯುವ ಜಾಕೆಟ್. ಕಿವಿ ಮುಚ್ಚುವ ಟೋಪಿ ಬೆಳಿಗ್ಗೆಗೆ, ಅಗಲ ಅಂಚಿನ ಟೋಪಿ ಹಗಲಿಗೆ. ಸ್ಲೈಡಿಂಗ್ ಸ್ಯಾಂಡ್ಸ್‌ನಲ್ಲಿ ನೆರಳು ಅನ್ನೋದೇ ಇಲ್ಲ, ಚಳಿಯಲ್ಲೇ ಚರ್ಮ ಸುಡುತ್ತದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿಯಲ್ಲಿ 2021ರಿಂದ ನಿಷೇಧಿಸಿದ್ದಾರೆ, ಹವಳಕ್ಕೆ ಹಾನಿ ಅಂತ. ಜಿಂಕ್ ಆಕ್ಸೈಡ್‌ನದು ಕೊಳ್ಳಿ.

ಶೂ ಪಾದದ ಗಂಟು ಮುಚ್ಚುವಂತಿದ್ದರೆ ಒಳ್ಳೆಯದು. ಸ್ಯಾಂಡಲ್ ಹಾಕಿದರೆ ಹತ್ತು ಹೆಜ್ಜೆಗೊಮ್ಮೆ ಚೂಪುಗಲ್ಲು ಒಳಗೆ. ಗೇಟರ್, ಅಂದರೆ ಶೂ ಬಾಯಿಗೆ ಕಟ್ಟುವ ಬಟ್ಟೆ, ಡೆಕಾತ್ಲಾನ್‌ನಲ್ಲಿ ಸಿಗುತ್ತದೆ, ತೂಕವಿಲ್ಲ, ಒಯ್ಯಿರಿ. ಕೋಲು ಎರಡು, ಚೆಕ್-ಇನ್ ಬ್ಯಾಗಿನಲ್ಲಿ. ಇಳಿಯುವಾಗ 5ರಿಂದ 10 ಸೆಂ.ಮೀ. ಉದ್ದ ಮಾಡಿ, ಹಲೆಮಾಉ ಗೋಡೆ ಬಂದಾಗ ಅಷ್ಟೇ ಗಿಡ್ಡ. ಕಾಲಿನ ಉಗುರು ಎರಡು ದಿನ ಮೊದಲೇ ಕತ್ತರಿಸಿ. 900 ಮೀಟರ್ ಇಳಿತದಲ್ಲಿ ಹೆಬ್ಬೆರಳು ಶೂ ಮೂತಿಗೆ ಗುದ್ದಿ ಉಗುರು ಕಪ್ಪಾಗೋದು ಅದಕ್ಕೇ. ಇಳಿಯುವ ಮುಂಚೆ ಲೇಸನ್ನು ಮಣಿಕಟ್ಟಿನ ಹತ್ತಿರ ಬಿಗಿ ಮಾಡಿ.

ಮಂಡಿಚಿಪ್ಪು

ಮಣಿಕಟ್ಟು ಕೈಯಲ್ಲಿರೋದು ಮಾರಾಯ್ರೆ, ಕಾಲಲ್ಲಿ ಹರಡು. ಉಳಿದದ್ದೆಲ್ಲ ಸರಿ.

ಲಂಟಾನ

ಶೂ ಬಗ್ಗೆ ಇನ್ನೊಂದು, ಯಾರೂ ಹೇಳದ್ದು. ಬೆಂಗಳೂರಲ್ಲೇ ಬ್ರಷ್ ಹಾಕಿ ತೊಳೆದು, ಒಣಗಿಸಿ ಒಯ್ಯಿರಿ. ಗೀರುಗಳಲ್ಲಿ ಸಿಕ್ಕಿಕೊಂಡ ಮಣ್ಣು, ಬೀಜ ಒಂದೂ ಇರಬಾರದು. ಬಂಡೀಪುರದಲ್ಲಿ ಲಂಟಾನ ಏನು ಮಾಡಿದೆ ಅಂತ ನೋಡಿದವರಿಗೆ ಕಾರಣ ಬೇಕಿಲ್ಲ. ಆ ದ್ವೀಪದ ಎಷ್ಟೋ ಗಿಡಗಳು ಬೇರೆಲ್ಲೂ ಇಲ್ಲ. ಮುಖ್ಯವಾಗಿ ಆಹಿನಹಿನ, ಇಂಗ್ಲಿಷಿನಲ್ಲಿ ಸಿಲ್ವರ್‌ಸ್ವೋರ್ಡ್. ಈ ಬೆಟ್ಟದ ಮೇಲಿನ ಜಾತಿ ಜಗತ್ತಿನಲ್ಲಿ ಇಲ್ಲಿ ಮಾತ್ರ ಬೆಳೆಯುತ್ತದೆ. ಮುಳ್ಳುಹಂದಿ ಉಂಡೆಯಾಗಿ ಕೂತ ಹಾಗೆ ನೆಲಕ್ಕಂಟಿದ ಗುಚ್ಛ, ಎಲೆ ಕತ್ತಿಯಂತೆ ಸಪುರ. ಎಲೆಯ ಮೇಲೆ ಬೆಳ್ಳಿ ಬಣ್ಣದ ನುಣುಪು ರೋಮ, ಬಿಸಿಲು ಬಿದ್ದರೆ ತಗಡಿನ ಹಾಗೆ ಹೊಳೆಯುತ್ತದೆ. ಬಿಸಿಲನ್ನು ವಾಪಸ್ ಎಸೆದು ತೇವ ಉಳಿಸಿಕೊಳ್ಳಲು ಆ ಉಪಾಯ. ದಶಕಗಟ್ಟಲೆ ಹಾಗೇ ಇದ್ದು, ಒಂದೇ ಸಲ ಆಳೆತ್ತರದ ಹೂಗೊನೆ ಬಿಟ್ಟು ಸಾಯುತ್ತದೆ, ನಮ್ಮ ಭೂತಾಳೆಯ ಹಾಗೆ.

ಬೇರು ಪುಡಿಗಲ್ಲಿನ ಮೇಲ್ಪದರದಲ್ಲೇ ಸುತ್ತಲೂ ಹರಡಿರುತ್ತದೆ. ಫೋಟೋಗೆ ಅಂತ ಪಕ್ಕಕ್ಕೆ ಹೋಗಿ ನಿಂತರೆ ಗಿಡ ಮುಟ್ಟದಿದ್ದರೂ ಬೇರು ಜಜ್ಜಿಹೋಗುತ್ತದೆ. ದಾರಿ ಬಿಟ್ಟು ಇಳಿಯಲೇಬೇಡಿ. ಹಲೆಮಾಉ ದಾರಿಯಲ್ಲಿ ಹೋಲುವಾಗೆ ಸ್ವಲ್ಪ ಮುಂಚೆ ಇದಕ್ಕೆಂದೇ ಒಂದು ಸಣ್ಣ ಸುತ್ತುದಾರಿ ಇದೆ, ಅಲ್ಲಿ ಹತ್ತಿರದಿಂದ ನೋಡಬಹುದು. ನೇನೇ ಎಂಬ ಹೆಬ್ಬಾತು ಸಿಕ್ಕರೆ ಕೋಡುಬಳೆ ಹಾಕಬೇಡಿ. ಹವಾಯಿಯ ರಾಜ್ಯಪಕ್ಷಿ ಅದು, ಅಳಿವಿನಂಚಿಗೆ ಹೋಗಿ ಬಂದದ್ದು. ತಿಂಡಿಯ ರುಚಿ ಹತ್ತಿದರೆ ರಸ್ತೆಗೆ ಬಂದು ಕಾರಿಗೆ ಸಿಗುತ್ತದೆ.

ನಿರ್ವಾಹಕ

ಡ್ರೋನ್ ಬಗ್ಗೆ ಖಾಸಗಿ ಸಂದೇಶದಲ್ಲಿ ಕೇಳುತ್ತಿರುವವರಿಗೆಲ್ಲ ಒಂದೇ ಉತ್ತರ: ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧ. ಶಿಖರದ ಪಕ್ಕದ ದೂರದರ್ಶಕಗಳ ಆವರಣಕ್ಕೂ ಸಾರ್ವಜನಿಕರಿಗೆ ಪ್ರವೇಶವಿಲ್ಲ.

ಕಪ್ಪುಕಲ್ಲು

ಆದರೂ ಹೊರಗಿನಿಂದ ನೋಡಿ. ಬಿಳಿ ಗುಮ್ಮಟದೊಳಗಿರುವುದು 4 ಮೀಟರ್ ಕನ್ನಡಿಯ ಇನೊಯೆ ಸೌರ ದೂರದರ್ಶಕ, ಸೂರ್ಯನನ್ನು ನೋಡುವುದರಲ್ಲಿ ಜಗತ್ತಿನಲ್ಲೇ ದೊಡ್ಡದು. ಹಲೆಯಾಕಲಾ ಅಂದರೆ ಸೂರ್ಯನ ಮನೆ. ಮೌಯಿ ಎಂಬ ದೈವಾಂಶದವನು ಸೂರ್ಯನನ್ನು ಹಗ್ಗದಲ್ಲಿ ಹಿಡಿದು ನಿಧಾನಕ್ಕೆ ಹೋಗು ಅಂತ ಒಪ್ಪಿಸಿದ್ದು ಇಲ್ಲೇ ಅಂತ ಅವರ ಕಥೆ. ಹವಾಯಿಯ ಮೂಲನಿವಾಸಿಗಳಿಗೆ ಇದು ದೇವರ ಜಾಗ. ಕಲ್ಲಿನ ಮೇಲೆ ಕಲ್ಲು ಪೇರಿಸಬೇಡಿ, ಜೋರಾಗಿ ಹಾಡು ಹಾಕಬೇಡಿ.

ಗವಿಪುರದ ಗುಡ್ಡ

ಎಲ್ಲ ಓದಿ ಬದಲಾಯಿಸಿದ ಯೋಜನೆ: ಮೊದಲ ದಿನ ಮಧ್ಯಾಹ್ನ 2ಕ್ಕೆ ನಾಲ್ವರೂ ಉದ್ಯಾನಕ್ಕೆ. ಹಾಸ್ಮರ್ ಗ್ರೋವ್, ಪಾ ಕಾಓಆವೊ, ಸೂರ್ಯಾಸ್ತ. ಎರಡನೇ ದಿನ ನಾವಿಬ್ಬರು 6ಕ್ಕೆ ಹೊರಟು 7.30ಕ್ಕೆ ಹಲೆಮಾಉ ಪಾರ್ಕಿಂಗ್, ಲಿಫ್ಟ್, 8.30ಕ್ಕೆ ಸ್ಲೈಡಿಂಗ್ ಸ್ಯಾಂಡ್ಸ್‌ನಲ್ಲಿ ಶುರು. 10.30ಕ್ಕೆ ತಳ, 1.30ಕ್ಕೆ ಹೋಲುವಾ, ಊಟ, 4.30ರೊಳಗೆ ಕಾರು. 9.15 ಆದರೂ ಲಿಫ್ಟ್ ಸಿಗದಿದ್ದರೆ ನಾವೇ ಕಾರಿನಲ್ಲಿ ಮೇಲೆ ಹೋಗಿ, ಬೂದಿಗುಡ್ಡದ ಕವಲಿನವರೆಗೆ ಮಾತ್ರ ಹೋಗಿ ಬರೋದು. ಸರಿನಾ?

ಹುಲಿಕಲ್ಲು

ಸರಿ, ಒಂದು ಸೇರಿಸಿ. ತಳ ಮುಟ್ಟಿದಾಗ ಗಡಿಯಾರ ನೋಡಿ, 11.30 ದಾಟಿದ್ದರೆ ಯಾಕೆ ತಡವಾಯ್ತು ಅಂತ ಇಬ್ಬರೂ ಮಾತಾಡಿಕೊಳ್ಳಿ. ಮಂಡಿ ನೋವೋ ತಲೆನೋವೋ ಕಾರಣವಾದರೆ ಮುಂದೆ ಬಯಲು ದಾರಿ ಇದೆ ಅಂತ ಮುಚ್ಚಿಡಬೇಡಿ. ಅಲ್ಲಿಂದ ಯಾವ ಕಡೆ ಹೊರಟರೂ ಏರೇ, ಹಲೆಮಾಉ ಕಡೆಯದು ಚಿಕ್ಕದು. ಕವಿಲಿನಾವು ಎಂಬ ಕಂದಕ ದಾರಿಯಲ್ಲೇ ಸಿಗುತ್ತದೆ, ತಳವಿಲ್ಲದ ಬಾವಿ ಅಂತ ಹಳೆಯ ಹೆಸರು. ಆಳ 20 ಮೀಟರ್ ಅಷ್ಟೇ. ಹೊತ್ತು ಮೀರಿದ್ದರೆ ಅಲ್ಲಿ ನಿಲ್ಲದೆ ಮುಂದೆ ಹೋಗಿ.

ಘಾಟಿ ಗೇರು

ಅಕ್ಟೋಬರ್ ಕೊನೆಗೆ ಅಲ್ಲಿ ಸಂಜೆ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. 4.30ಕ್ಕೆ ಬರುತ್ತೀವಿ ಅಂತ ಬರೆದಿದ್ದರೂ ತಲೆಗೆ ಕಟ್ಟುವ ಟಾರ್ಚ್ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ, ಚಳಿಗೆ ಬ್ಯಾಟರಿ ಬೇಗ ಕೂತುಹೋಗುತ್ತದೆ. ಕಾರಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೇಲಕ್ಕೆ ಲಿಫ್ಟ್ ಹತ್ತುವ ಮುಂಚೆ ಒಮ್ಮೆ ಮುಟ್ಟಿ ನೋಡಿಕೊಳ್ಳಿ.